ಗೋದಲಿಗೆ ಬೆಳೆಸಿದ ರಾಗಿ ಸಸಿ

ಕ್ರಿಸ್‌ಮಸ್‌ಗೆ ಹರಿಹರದ ಚರ್ಚಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು, ಅಂದರೆ ಗೋದಲಿಯನ್ನು, ಕಟ್ಟುತ್ತಾರೆ. ಅದರ ಸುತ್ತ ಹಸಿರು ಹೊಲದಂತೆ ಕಾಣಲು ರಾಗಿ ಸಸಿಯ ತಟ್ಟೆಗಳನ್ನಿಡುವುದು ಅಲ್ಲಿನ ರೂಢಿ. ಕಾನ್ವೆಂಟಿನಲ್ಲಿ ನನಗೆ ಪಾಠ ಹೇಳಿದ ಸಿಸ್ಟರ್ ಈಗ ಅಲ್ಲಿದ್ದಾರೆ. ಕಳೆದ ವರ್ಷ ಸಸಿ ಬೆಳೆಸುವ ಕೆಲಸ ನನಗೆ ಕೊಟ್ಟರು. ನಾನು ಆ ಧರ್ಮದವಳಲ್ಲ. ಆದರೂ ನನ್ನನ್ನು ನಂಬಿದರಲ್ಲ ಎಂದು ಹಿಗ್ಗಿದೆ.

ದಾವಣಗೆರೆಯ ನಮ್ಮ ಮನೆಯಲ್ಲಿ ದಸರೆಯಲ್ಲಿ ದೇವರ ಮುಂದಿನ ಘಟಕ್ಕೆ ಬಿತ್ತುವ ಸಸಿ ಕತ್ತಲಲ್ಲೇ ಬೆಳೆಯುತ್ತದೆ. “ದೇವರ ಸಸಿಗೆ ಬಿಸಿಲು ಬ್ಯಾಡವ್ವಾ, ಮುಚ್ಚಿಡು,” ಎಂದರು ಅತ್ತೆ. ಮುಚ್ಚಿಟ್ಟೆ. ಕ್ರಿಸ್‌ಮಸ್‌ನ ಹಿಂದಿನ ದಿನ ತೆಗೆದರೆ ಒಂದೆಳೆಯೂ ಹಸಿರಿಲ್ಲ, ಎಲ್ಲ ಹಳದಿ. ಮತ್ತೆ ಬಿತ್ತಲು ಸಮಯವಿರಲಿಲ್ಲ.

ಆ ತಟ್ಟೆಗಳನ್ನೇ ಹಿಡಿದು ಹರಿಹರಕ್ಕೆ ಹೊರಟೆ; ಅತ್ತೆಯೂ ನನ್ನೊಂದಿಗೆ ಬಸ್ಸು ಹತ್ತಿದರು. ಚರ್ಚಿನ ಬಾಗಿಲಲ್ಲೇ, “ತಪ್ಪು ನಂದ್ರಿ ಸಿಸ್ಟರಮ್ಮಾ, ಇವಳನ್ನ ಬೈಬ್ಯಾಡ್ರಿ,” ಎಂದುಬಿಟ್ಟರು.

ಸಿಸ್ಟರ್ ನಕ್ಕರು. “ಸ್ಕೂಲಲ್ಲೂ ಹಿಂಗೇ ರೀ, ಯಾರು ಏನ್ ಹೇಳಿದ್ರೂ ಕೇಳೋಳು! ಕೊಟ್ಟಿಗೇಲಿ ಕೂಸು ಮಲಗೋದು ಒಣಹುಲ್ಲಿನ ಮ್ಯಾಲೆ ಅಲ್ವೇನ್ರಿ? ಈ ಹಳದಿ ಸಸಿ ಗೋದಲಿ ಒಳಗೇ ಇರ್ಲಿ.”

ಕತ್ತರಿ ತಂದು ಅತ್ತೆಯ ಕೈಗೇ ಕೊಟ್ಟರು. ಅತ್ತೆ ಸಸಿ ಕತ್ತರಿಸಿ, ಬಾಲಯೇಸುವಿನ ಕೆಳಗೆ ಹಾಸಿ, ಮೊಮ್ಮಗುವಿನ ಹಾಸಿಗೆಯಂತೆ ಅಂಗೈಯಿಂದ ಸವರಿ ಸವರಿ ಮೆತ್ತಗೆ ಮಾಡಿದರು. ಆ ಕೈಗಳನ್ನು ಗೋದಲಿಯೊಳಗೆ ಕರೆದುಕೊಂಡ ಸಿಸ್ಟರ್‌ಗೆ ನಾನಿನ್ನೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ.