ಎಡಗಡೆಯಿಂದ ತೆರೆದ ಪತ್ರಿಕೆ

ನಮ್ಮ ಗ್ರಂಥಪಾಲರ ಬಲಗೈಯ ನಡುಬೆರಳಿನ ಮೇಲೆ ಜೋಳದ ಕಾಳಿನಷ್ಟು ಗಂಟಿತ್ತು. ಬರೆದು ಬರೆದು ಎದ್ದದ್ದು. ಕೈಕುಲುಕಿದವರಿಗೆ ಅದು ತಗುಲಲಿ ಎಂದೇ ಅವರು ಗಟ್ಟಿಯಾಗಿ ಹಿಡಿಯುತ್ತಿದ್ದರೆಂದು ನನ್ನ ಗುಮಾನಿ. ಅಷ್ಟು ಜಂಬದ ಮನುಷ್ಯ.

ಔರಾದ ತಾಲ್ಲೂಕಿನ ಠಾಣಾ ಕುಶನೂರಿನವರು. ಮನೆಮಾತು ಕನ್ನಡ. ಆದರೆ ನಿಜಾಮರ ಕಾಲದ ಶಾಲೆಯಲ್ಲಿ ಕಲಿತದ್ದು ಉರ್ದು, ಬರೆದದ್ದೂ ಉರ್ದುವಿನಲ್ಲೇ. ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದಾಗ, ನಾಲ್ಕು ಭಾಷೆಯ ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿ ವಿಷಯವಾರು ಜೋಡಿಸುವುದು ಹೇಗೆಂದು ಲೇಖನದ ಮೇಲೆ ಲೇಖನ ಬರೆದು ಅಲ್ಲಿನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಚಹಾಕ್ಕೆ ಬಂದವರಿಗೂ ಅವನ್ನು ಓದಿ ಹೇಳದೆ ಬಿಡುತ್ತಿರಲಿಲ್ಲ. "ಪುಸ್ತಕ ಕಾಯೋದು ಚೌಕಿದಾರನ ಕೆಲಸರಿ. ಬರದ್ರನೇ ನಾವು ಗ್ರಂಥಪಾಲರು" ಎನ್ನುತ್ತಿದ್ದರು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಓಣಿಗೆಲ್ಲ ಪೇಡಾ ಹಂಚಿದರು. ಹೈದರಾಬಾದಿನಲ್ಲೇ ಇರಬಹುದಿತ್ತು, ನಮ್ಮವರ ರಾಜ್ಯ ಬಂತೆಂದು ಅದನ್ನು ಬಿಟ್ಟು ಬೀದರದ ಕಾಲೇಜಿಗೆ ಬಂದರು. ಭಾಲ್ಕಿಯವನಾದ ನಾನು ಅಲ್ಲಿ ಅವರ ಸಹಾಯಕನಾಗಿದ್ದೆ. ಹೊಸ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಗ್ರಂಥಪಾಲರ ಹುದ್ದೆ ಖಾಲಿಯಿದೆ, ಪ್ರಕಟಿತ ಬರಹವಿದ್ದವರಿಗೆ ಆದ್ಯತೆ ಎಂಬ ಸುದ್ದಿ ಬಂದಾಗ, ಅದು ತಮ್ಮದೇ ಎಂದು ತೀರ್ಮಾನಿಸಿಬಿಟ್ಟರು. ನಾನೂ ಹಾಗೆಯೇ ನಂಬಿದ್ದೆ.

ಆಯ್ಕೆ ಸಮಿತಿ ಬೀದರಕ್ಕೇ ಬಂತು. ನಮ್ಮ ಓದುವ ಕೋಣೆಯಲ್ಲೇ ಸಂದರ್ಶನ. ಅವರ ಲೇಖನಗಳಿದ್ದ ಉರ್ದು ಪತ್ರಿಕೆಗಳನ್ನು ನಾನೇ ಮೇಜಿನ ಮೇಲೆ ಇಟ್ಟೆ. ಹಿರಿಯ ಸದಸ್ಯರು ಒಂದನ್ನು ಎತ್ತಿಕೊಂಡು, ಕನ್ನಡ ಪುಸ್ತಕ ತೆರೆಯುವ ಹಾಗೆ ಎಡಗಡೆಯಿಂದ ತೆರೆದರು. ಬಲದಿಂದ ಎಡಕ್ಕೆ ಓದುವ ಉರ್ದುವಿಗೆ ಅದು ಕೊನೆಯ ಪುಟ. ಅಲ್ಲಿದ್ದದ್ದು ತಲೆಗೆಣ್ಣೆಯ ಜಾಹೀರಾತು, ಉದ್ದ ಕೂದಲಿನ ಹೆಂಗಸಿನ ಚಿತ್ರ. ಪಕ್ಕದವರಿಗೆ ತೋರಿಸಿ ನಕ್ಕರು. ಇದೇನಾ ನಿಮ್ಮ ಸಂಶೋಧನೆ ಎಂದು ಕೇಳಿದರು.

"ಆ ಕಡಿಂದ ಅಲ್ಲರಿ ಸಾಹೇಬ್ರ, ಈ ಕಡಿಂದ ತೆಗೀಬೇಕು" ಎಂದರು ನಮ್ಮವರು.

ಯಾವ ಕಡೆಯಿಂದ ತೆರೆದರೂ ತಮಗೆ ಓದಲು ಬರುವುದಿಲ್ಲ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಏನಾದರೂ ಇದೆಯೇ ಎಂದು ಸದಸ್ಯರು ಕೇಳಿದರು. ಇರಲಿಲ್ಲ. ಪ್ರಕಟಣೆ ಇಲ್ಲ ಎಂದು ನನ್ನ ಕಣ್ಣೆದುರೇ ಬರೆದುಕೊಂಡರು. ಯಾರಿಂದಲಾದರೂ ಓದಿಸಿ ಕೇಳಬಹುದಿತ್ತು. ಬೀದರದಲ್ಲಿ ಉರ್ದು ಬಲ್ಲವರಿಗೆ ಬರವೇ? ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಆಮೇಲೆ ಅವರು ಒಂದು ಸಾಲೂ ಬರೆಯಲಿಲ್ಲ. ಕನ್ನಡದಲ್ಲಿ ಬರೆಯಿರಿ, ನಾನು ತಿದ್ದಿಕೊಡುತ್ತೇನೆ ಎಂದು ಒಮ್ಮೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ.

"ಮಾತಾಡ್ಲಿಕ್ಕ ಕನ್ನಡ ಬರ್ತದರಿ. ವಿಚಾರ ಮಾಡೋದು ಉರ್ದುದಾಗ ಕಲ್ತೇನಿ. ಈ ವಯಸ್ಸಿನಾಗ ತಲಿ ಹ್ಯಾಂಗ ಬದಲ್ ಮಾಡ್ಲಿ?"

ಅವರು ತೀರಿಕೊಂಡಾಗ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ವಿಶ್ವವಿದ್ಯಾಲಯದ ಆ ಹುದ್ದೆ ಸಿಕ್ಕವರೂ ಬಂದಿದ್ದರು, ಮೃದುವಾಗಿಯೇ ಮಾತಾಡಿದರು. ಅಗಲಿದವರು ಶಿಸ್ತಿನ ಮನುಷ್ಯ, ನಿಷ್ಠಾವಂತ, ಬರವಣಿಗೆಯ ಕಡೆಗೆ ಮಾತ್ರ ಒಲವಿರಲಿಲ್ಲ ಎಂದರು. ನಮ್ಮವರ ಲೇಖನ ಕೇಳಿ ಕೇಳಿ ಬೇಸತ್ತಿದ್ದ ಅಧ್ಯಾಪಕರೂ ಹೌದೆಂದು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಇದು ಸುಳ್ಳು ಎಂದು ಹೇಳಲು ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ, ಮೌನಾಚರಣೆ ಶುರುವಾಯಿತೆಂದು ತಿಳಿದು ಸಭೆಯೆಲ್ಲ ಎದ್ದು ತಲೆ ತಗ್ಗಿಸಿತು.