ನನ್ನ ಎಡಗಾಲಿನ ಮೇಲಿದ್ದ ದೂರು

ಆ ಕಾರು ಮನೆಗೆ ಬಂದ ದಿನವೇ ನಾನು ಬಾನೆಟ್ ಎತ್ತಿಸಿ ನೋಡಿದೆ. ಕೊಳ್ಳುವ ಮುಂಚೆ ನನ್ನನ್ನು ಯಾರೂ ಕೇಳಿರಲಿಲ್ಲ, ಕೊಂಡ ಮೇಲಾದರೂ ನೋಡುವ ಹಕ್ಕು ನನಗಿದೆ ಎಂದು ಪಟ್ಟು ಹಿಡಿದಿದ್ದೆ. ಹಾವೇರಿ ಕಡೆಯ ನನ್ನ ತವರಿನಲ್ಲಿ ಒಂದು ಹಳೆಯ ಜೀಪಿತ್ತು. ಗಾಳಿ, ಪೆಟ್ರೋಲು ಬೆರೆಸಿಕೊಡುವ ಅದರ ಕಾರ್ಬುರೇಟರನ್ನು ಅಪ್ಪ ಆಗಾಗ ಬಿಚ್ಚಿ, ಬಾಯಿಂದ ಊದಿ, ಕಸ ತೆಗೆದು ಮತ್ತೆ ಕೂರಿಸುತ್ತಿದ್ದರು. ಈ ಕಾರಿನಲ್ಲಿ ಊದುವಂಥದ್ದು ಏನೂ ಇರಲಿಲ್ಲ. ಒಂದು ಅಲ್ಯೂಮಿನಿಯಂ ಡಬ್ಬಿ, ಅದರ ಸುತ್ತ ಸೊಪ್ಪಿನ ಕಟ್ಟು ಬಿಚ್ಚಿ ಹರವಿದ ಹಾಗೆ ಕಪ್ಪು ಪೈಪುಗಳು, ವೈರುಗಳು.

"ಕಾರ್ಬುರೇಟರ್ ಎಲ್ಲೈತ್ರೀ?" ಎಂದೆ.

"ಇದಕ್ಕ ಅದು ಇಲ್ಲ. ಇದರಾಗ ಕಂಪ್ಯೂಟರ್ ಐತಿ" ಎಂದರು ನಮ್ಮ ಯಜಮಾನರು, ತಾವೇ ಮಾಡಿದವರ ಗತ್ತಿನಲ್ಲಿ.

ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಯಂತ್ರಗಳನ್ನು ಕೂರಿಸಿಕೊಡಲು ಬಂದಿದ್ದ ಜಪಾನಿನವರೊಬ್ಬರಿಗಾಗಿ ಕಂಪನಿ ಅಲ್ಲಿಂದಲೇ ತರಿಸಿದ್ದ ಕಾರು ಅದು. ಅವರು ಊರಿಗೆ ಹೊರಟು ಹೋದ ಮೇಲೆ ವರ್ಷಗಟ್ಟಲೆ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಕಂಪನಿ ಕೊನೆಗೆ ಅದನ್ನು ವಿಲೇವಾರಿ ಮಾಡಿದಾಗ ನಮ್ಮ ಪಾಲಿಗೆ ಬಂತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಸ ಕಾರುಗಳಲ್ಲಿ ಇಂಥ ವ್ಯವಸ್ಥೆ ಆಗಷ್ಟೇ ಕಣ್ಣುಬಿಡುತ್ತಿತ್ತು, ನಮ್ಮದು ಹಳೆಯ ಕಾರಾಗಿದ್ದೂ ಅದರಲ್ಲಿ ಇತ್ತು.

ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರು ಎಡಗಡೆ ಸೀಟಿನ ಕೆಳಗೆ ಕೈ ತೋರಿಸಿದರು. ಬಗ್ಗಿ ನೋಡಿದೆ. ಒಂದು ಚಪ್ಪಟೆ ತಗಡಿನ ಪೆಟ್ಟಿಗೆ. ನಾನು ಮಾದನಾಯಕನಹಳ್ಳಿಯ ಆಚೆ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಮ್ಮ ಶಾಲೆಗೆ ಆ ವರ್ಷವೇ ಬಂದಿದ್ದ ಕಂಪ್ಯೂಟರಿಗೆ ಹೂವಿನ ಕಸೂತಿಯ ಗೌಸು ಹಾಕಿ, ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಇಲ್ಲಿ ಅದೇ ಜಾತಿಯದು ನಮ್ಮ ಚಪ್ಪಲಿಯ ಧೂಳು ತಿಂದುಕೊಂಡು, ಎಂಜಿನ್ನು ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಚಿಮುಕಿಸಲು ಹೇಳುತ್ತಿತ್ತಂತೆ. ಎಂಜಿನ್ನಿನ ಪ್ರತಿ ಸುತ್ತಿಗೂ ಹೊಸ ಲೆಕ್ಕ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಒಂದು ಭಾಗಾಕಾರಕ್ಕೆ ಪುಟ ತುಂಬಿಸುವುದನ್ನು ದಿನವೂ ನೋಡುವವಳಿಗೆ ಅದನ್ನು ಕೇಳಿ ಮೈ ಜುಮ್ಮೆಂದಿತು. ಕೆಲವು ದಿನ ಆ ಸೀಟಿನಲ್ಲಿ ಕೂತಾಗ ಕಾಲು ಮಡಚಿಕೊಂಡೇ ಕೂರುತ್ತಿದ್ದೆ.

ನನಗೆ ಆ ಕಾರನ್ನು ಓಡಿಸಲೇಬೇಕು ಅನ್ನಿಸಿತು. ಬೆರಗೊಂದೇ ಕಾರಣವಲ್ಲ. ತುಮಕೂರು ರಸ್ತೆಯ ಬಸ್ಸುಗಳು ಪೀಣ್ಯದ ಶಿಫ್ಟು ಬಿಡುವ, ಸೇರುವ ಹೊತ್ತಿನಲ್ಲಿ ನಮ್ಮ ಸ್ಟಾಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಿಂತರೂ ಫುಟ್‌ಬೋರ್ಡಿನಲ್ಲಿ ಸೀರೆಯ ಸೆರಗು ಹಿಡಿದುಕೊಳ್ಳಬೇಕೋ ಕಂಬಿ ಹಿಡಿದುಕೊಳ್ಳಬೇಕೋ ಎಂಬ ಪಾಡು. ಯಜಮಾನರು ಕಾರ್ಖಾನೆಗೆ ನಡೆದೇ ಹೋಗುತ್ತಿದ್ದರು, ಕಾರು ಫ್ಲಾಟಿನ ಕೆಳಗೆ ದಿನವಿಡೀ ಸುಮ್ಮನೆ ನಿಂತಿರುತ್ತಿತ್ತು. ಡ್ರೈವಿಂಗ್ ಸ್ಕೂಲಿಗೆ ಸೇರಿದೆ, ಕಲಿತೆ. ಸ್ಕೂಲಿನ ಕಾರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ನಮ್ಮ ಕಾರಿನಲ್ಲಿ ಕೂತೆನೋ, ಶುರುವಾಯಿತು. ಮನೆಯಿಂದ ಹೊರಡುವಾಗ ಏನೂ ತೊಂದರೆಯಿಲ್ಲ. ಸ್ವಲ್ಪ ದೂರ ಹೋಗಿ ಎಂಜಿನ್ ಬಿಸಿಯಾದ ಮೇಲೆ, ಸಿಗ್ನಲ್ಲಿನಲ್ಲಿ ನಿಲ್ಲಿಸಿ ಕಾಲು ತೆಗೆದರೆ ಎಂಜಿನ್ನಿನ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಕೆಳಗಿಳಿಯುತ್ತಿತ್ತು, ಮೇಲೇರುತ್ತಿತ್ತು, ಮತ್ತೆ ಇನ್ನೂ ಕೆಳಗಿಳಿಯುತ್ತಿತ್ತು. ಸ್ಟಿಯರಿಂಗ್ ನಡುಗಿ, ಒಮ್ಮೆ ಬಿಕ್ಕಳಿಸಿದಂತಾಗಿ ಎಂಜಿನ್ ಆಫ್. ಹಿಂದೆ ಲಾರಿಗಳ ಹಾರನ್ನು. ಪಕ್ಕದ ಸೀಟಿನಲ್ಲಿ ಯಜಮಾನರು.

"ನಿನಗ ಕ್ಲಚ್ ಬಿಡಾಕ ಬರಂಗಿಲ್ಲ. ಎಡಗಾಲು ಸರಿ ಇಲ್ಲ ನಿಂದು."

"ನಾ ಕ್ಲಚ್ ಬಿಟ್ಟೇ ಇಲ್ರೀ, ನ್ಯೂಟ್ರಲ್‌ನ್ಯಾಗ ಐತಿ."

"ಹಂಗಾರ ನಾ ಓಡಿಸಿದಾಗ ಯಾಕ ಆಫ್ ಆಗಂಗಿಲ್ಲ?"

ಅದೇ ಕಾರು, ಅದೇ ರಸ್ತೆ, ಅದೇ ಸಿಗ್ನಲ್ಲು. ಅವರು ಕೂತರೆ ಓಡುತ್ತದೆ, ನಾನು ಕೂತರೆ ನಿಲ್ಲುತ್ತದೆ. ಬದಲಾಗಿದ್ದು ಒಂದೇ ಎಂದಾದರೆ ತಪ್ಪು ಅಲ್ಲೇ ಇರಬೇಕು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಡುವವಳು ನಾನೇ. ಮೊದಲು ಜಗಳವಾಡಿದೆ, ಆಮೇಲೆ ಅನುಮಾನಪಟ್ಟೆ, ಕೊನೆಗೆ ನಂಬಿಬಿಟ್ಟೆ. ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತ ನಿಂತಾಗಲೂ ಎಡಗಾಲನ್ನು ನಿಧಾನವಾಗಿ ಎತ್ತಿ ಇಳಿಸಿ ಅಭ್ಯಾಸ ಮಾಡುತ್ತಿದ್ದೆ.

ಲೈಸೆನ್ಸಿನ ಪರೀಕ್ಷೆಗೆ ಹೋದೆ. ಇನ್ಸ್‌ಪೆಕ್ಟರು "ನಿಲ್ಸಿ" ಎಂದರು, ನಿಲ್ಲಿಸಿದೆ, ಕಾರು ಆರಿಹೋಯಿತು. "ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ ಮೇಡಂ" ಎಂದರು. ಎರಡನೇ ಸಲವೂ ಅದೇ ಆಯಿತು. ಅವರದೇನೂ ತಪ್ಪಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಫೇಲು ಮಾಡುತ್ತಿದ್ದೆ. ಆ ಸಂಜೆ ಯಜಮಾನರು ಬೈಯಲಿಲ್ಲ. ಮೆತ್ತಗೆ, "ಇನ್ನೊಂದ್ ಸರ್ತಿ ನೋಡೂಣು. ಆಗಲಿಲ್ಲಂದ್ರ ಮಾರಿಬಿಡೂಣು. ಎಲ್ಲಾರಿಗೂ ಎಲ್ಲಾ ಬರಬೇಕಂತ ಏನೈತಿ?" ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಮೆತ್ತಗಿನ ಮಾತನ್ನು ಸಹಿಸಲಾಗಲಿಲ್ಲ. ಮಾರನೇ ವಾರ ಬ್ರೋಕರೊಬ್ಬ ಬಂದು ಕಾರನ್ನು ಸುತ್ತುಹಾಕಿ ಟೈರು ಒದ್ದು ನೋಡಿ ಹೋದ.

ಹಾಗೆಂದು ಗ್ಯಾರೇಜಿಗೆ ತೋರಿಸದೆ ಇರಲಿಲ್ಲ. ಪೀಣ್ಯ ಎರಡನೇ ಹಂತದ ಮೆಕ್ಯಾನಿಕ್ಕು ಒಳ್ಳೆಯ ಮನುಷ್ಯ. ಆಕ್ಸಿಲರೇಟರ್ ಒತ್ತದೆ ಬಿಟ್ಟಾಗಲೂ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರಬೇಕಲ್ಲ, ಅದಕ್ಕೆ ಅವರ ಭಾಷೆಯಲ್ಲಿ 'ಸ್ಲೋ' ಎನ್ನುತ್ತಾರೆ. "ಸ್ಲೋ ಒಸಿ ಏರಿಸ್ಬಿಡ್ತೀನಿ ಮೇಡಂ, ಎಲ್ಲಾ ಸರಿ ಹೋಗ್ತದೆ" ಎಂದು ಯಾವುದೋ ಸ್ಕ್ರೂ ತಿರುಗಿಸಿದರು. ಕಾರ್ಬುರೇಟರಿನ ಕಾಲದಿಂದ ಎಲ್ಲರೂ ಮಾಡುತ್ತಿದ್ದ ಮದ್ದು ಅದು. ಅದರಿಂದ ಕಾರು ಆಕ್ಸಿಲರೇಟರ್ ಮುಟ್ಟದೆಯೇ ಮುನ್ನುಗ್ಗತೊಡಗಿತು, ಬ್ರೇಕು ಒತ್ತಿ ಒತ್ತಿ ನನ್ನ ಬಲಗಾಲೂ ನೋಯತೊಡಗಿತು. ಮತ್ತೆ ಇಳಿಸಿದರು. ಮತ್ತೆ ಆರಿತು. ಪ್ಲಗ್ಗು ಬದಲಾಯಿಸಿದರು, ಫಿಲ್ಟರು ಬದಲಾಯಿಸಿದರು. ಅವರು ಬಿಡುವು ಮಾಡಿಕೊಂಡು ನೋಡುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತಿತ್ತು, ಸ್ಟಾರ್ಟ್ ಮಾಡಿದರೆ ಹಟ ಮಾಡದ ಮಗುವಿನ ಹಾಗೆ ತಿರುಗುತ್ತಿತ್ತು. "ಗಾಡಿ ಚೆನ್ನಾಗೈತಲ್ಲ ಮೇಡಂ" ಎಂದು ಅವರೂ ನನ್ನ ಕಾಲಿನ ಕಡೆ ನೋಡಿದರು.

ಆಯುಧಪೂಜೆ ಬಂತು. ಬೆಳಿಗ್ಗೆ ಯಜಮಾನರು ಕಾರನ್ನು ವಾಟರ್ ಸರ್ವೀಸಿಗೆ ಕೊಂಡೊಯ್ದು, ಫಳಫಳ ಹೊಳೆಸಿಕೊಂಡು ಬಂದರು. ಎಂಜಿನ್ ಆಫ್ ಮಾಡದೆ ಹಾಗೆಯೇ ಕೂತು, "ಲಗೂನ ಪೂಜಾ ಮುಗಿಸು, ನಿಂಬೆಹಣ್ಣು ಇಡು, ಕಾರ್ಖಾನ್ಯಾಗೂ ಪೂಜಾ ಐತಿ" ಎಂದರು. ನನಗೆ ಸಿಟ್ಟು. ಬಣ್ಣದ ಮೇಲೆ ಏನು ಪೂಜೆ ಮಾಡುವುದು, ಆಯುಧ ಇರುವುದು ಒಳಗೆ ಎಂದು ಬಾನೆಟ್ ತೆಗೆಸಿದೆ. ಎಂಜಿನ್ನಿನ ಮೇಲೆ ಅಂಗೈಯಗಲ ಜಾಗ ಹುಡುಕಿ ವಿಭೂತಿಯ ಮೂರು ಪಟ್ಟೆ ಎಳೆದೆ, ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ. ಊದುಬತ್ತಿ ಹಚ್ಚಿದೆ.

"ಪೆಟ್ರೋಲ್ ಐತಿ ಅಲ್ಲೆ! ಬೆಂಕಿ ದೂರ ಹಿಡಿ!" ಎಂದು ಒಳಗಿಂದ ಕೂಗಿದರು. ಕೂಗುತ್ತಲೇ ಎಂಜಿನ್ನನ್ನು ಗುರುಗುಟ್ಟಿಸಿದರು.

"ಏನ್ ಸಪ್ಪಳಾರೀ ಅದು, ಕಾಲು ತಗೀರಿ ಅದರ ಮ್ಯಾಲಿಂದ!" ಎಂದು ನಾನೂ ಕೂಗಿದೆ.

ಅವರು ಕಾಲು ತೆಗೆದರು. ಎಂಜಿನ್ನಿನ ಸದ್ದು ಇಳಿಯಿತು, ಏರಿತು, ಇಳಿಯಿತು. ಕಟ್ಟಡದ ಗೋಡೆಯ ಮರೆಯಲ್ಲಿ ಗಾಳಿಯಿರಲಿಲ್ಲ. ನನ್ನ ಕೈಯಲ್ಲಿದ್ದ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಬೆಳಗುತ್ತ ಕೈಯನ್ನು ಬಲಕ್ಕೆ ತಂದಾಗ ಆ ಹೊಗೆ ಏರುವುದನ್ನು ಬಿಟ್ಟು ಬಾಗಿತು. ಬಾಗಿ ನೂಲಿನ ಹಾಗೆ ಸಣ್ಣಗಾಗಿ, ಒಂದು ಕಪ್ಪು ರಬ್ಬರ್ ಪೈಪಿನ ಕೆಳಗೆ ನುಗ್ಗಿ ಮಾಯವಾಯಿತು. ನಾನು ನೋಡುತ್ತಿದ್ದಂತೆಯೇ ಎಂಜಿನ್ ಬಿಕ್ಕಳಿಸಿ ಆರಿಹೋಯಿತು. ಸ್ಟಿಯರಿಂಗ್ ಮುಂದೆ ಕೂತಿದ್ದವರು ನಾನಲ್ಲ.

"ಇನ್ನೊಮ್ಮೆ ಸ್ಟಾರ್ಟ್ ಮಾಡ್ರಿ. ಮಾಡಿ ಕಾಲು ಎತ್ತಿ ಕೂಡ್ರಿ" ಎಂದೆ. ಮಾಡಿದರು. ಮತ್ತೆ ಆ ನಡುಕ, ಮತ್ತೆ ಹೊಗೆ ಅದೇ ಜಾಗಕ್ಕೆ ಬಾಗಿತು. ಊದುಬತ್ತಿಯನ್ನು ದೂರವಿಟ್ಟು, ಫ್ಯಾನು ಬೆಲ್ಟುಗಳಿಂದ ಸೆರಗನ್ನು ದೂರ ಕಟ್ಟಿಕೊಂಡು, ವಿಭೂತಿ ಮೆತ್ತಿದ್ದ ಬೆರಳನ್ನು ಆ ಪೈಪಿನ ಅಡಿಗೆ ಒತ್ತಿದೆ. ಬಿಸಿಯಿತ್ತು, ಆದರೆ ತಡೆಯುವಷ್ಟು. ಕೂದಲೆಳೆಯಂಥ ಒಂದು ಸೀಳು ಬೆರಳಿಗೆ ಸಿಕ್ಕಿತು. ಅದು ನನ್ನ ಬೆರಳಿನ ಚರ್ಮವನ್ನು ಒಳಕ್ಕೆ ಎಳೆದುಕೊಂಡಿತು.

ಎಂಜಿನ್ ಆರದೆ ತೆಪ್ಪಗೆ ತಿರುಗತೊಡಗಿತು. ನಡುಕ ನಿಂತೇ ಹೋಯಿತು, ವಿಭೂತಿ ಪಟ್ಟೆಯ ಮೇಲಿದ್ದ ಸೇವಂತಿಗೆ ಅಲುಗುವುದನ್ನು ಬಿಟ್ಟಿತು.

"ಏನ್ ಮಾಡಿದಿ?" ಯಜಮಾನರ ದನಿ ಬದಲಾಗಿತ್ತು. "ಮುಳ್ಳು ಒಂದ ಕಡೆ ನಿಂತೈತಿ ನೋಡು. ಏನ್ ಮಾಡಿದಿ?"

"ಏನಿಲ್ಲ. ಬೆರಳು ಇಟ್ಟೀನಿ."

ಬೆರಳು ತೆಗೆದೆ, ನಡುಗಿತು. ಇಟ್ಟೆ, ನಡುಕ ನಿಂತಿತು. ಮತ್ತೆ ತೆಗೆದೆ, ಮತ್ತೆ ಇಟ್ಟೆ. ಇಷ್ಟು ದೊಡ್ಡ ಕಬ್ಬಿಣದ ರಾಶಿ, ಸೀಟಿನ ಕೆಳಗಿನ ಆ ಲೆಕ್ಕದ ಪೆಟ್ಟಿಗೆ, ಎಲ್ಲವೂ ನನ್ನ ಒಂದು ಬೆರಳ ತುದಿಯ ಮಾತು ಕೇಳುತ್ತಿದ್ದವು. ಅಳತೆಗೆ ಸಿಗದೆ ಕಳ್ಳದಾರಿಯಿಂದ ಒಳಬರುತ್ತಿದ್ದ ಒಂದಿಷ್ಟು ಗಾಳಿ ಅಷ್ಟು ನಿಖರವಾದ ಲೆಕ್ಕವನ್ನೆಲ್ಲ ಕೆಡಿಸುತ್ತಿತ್ತು. ನನ್ನ ಇಬ್ಬರು ಮಕ್ಕಳನ್ನು ಮೊದಲ ಸಲ ಎತ್ತಿಕೊಂಡಾಗ ಬಿಟ್ಟರೆ ಅಷ್ಟು ಬೆರಗು ನನಗೆ ಇನ್ನೆಲ್ಲೂ ಆಗಿಲ್ಲ. ಯಜಮಾನರು ಇಳಿದು ಬಂದು, ತಾವೂ ಬೆರಳಿಟ್ಟು ನೋಡಿ, "ದೇವರು ತೋರಿಸಿದ" ಎಂದರು. ದೇವರಾದರೆ ದೇವರು, ಹೊಗೆಯಾದರೆ ಹೊಗೆ. ನಾನು ವಾದಕ್ಕೆ ಹೋಗಲಿಲ್ಲ.

ಹಬ್ಬ ಕಳೆದು ಗ್ಯಾರೇಜಿಗೆ ಹೋಗಿ ತೋರಿಸಿದಾಗ ಮೆಕ್ಯಾನಿಕ್ಕಿಗೆ ನನಗಿಂತ ಹೆಚ್ಚು ಖುಷಿ. ತಾವೂ ಬೆರಳಿಟ್ಟು, ತೆಗೆದು, "ಅಬ್ಬಬ್ಬಾ! ಸಕ್ಕತ್ ಮೇಡಂ!" ಎಂದು ಪಕ್ಕದ ಲೇತ್ ಅಂಗಡಿಯವರನ್ನೂ ಕರೆದು ತೋರಿಸಿದರು. "ತಣ್ಣಗಿದ್ದಾಗ ಈ ಗಾಡಿ ಪೆಟ್ರೋಲ್ ಜಾಸ್ತಿ ಕುಡೀತದೆ, ಅದಕ್ಕೇ ಸೀಳು ಗೊತ್ತಾಗಿಲ್ಲ. ಬಿಸಿ ಆದ್ಮೇಲೆ ಅಳೆದು ಅಳೆದು ಕುಡಿಯೋದಲ್ವಾ, ಆಗ ಒದ್ದಾಡೋದು" ಎಂದರು. ಶೆಡ್ಡಿನಲ್ಲಿ ನಿಂತ ವರ್ಷಗಳಲ್ಲಿ ರಬ್ಬರು ಒಣಗಿ ಸೀಳಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಅದೇ ಅಳತೆಯ ಪೈಪು ತಂದು ಹಾಕಿದರು. ಸ್ಲೋ ಸ್ಕ್ರೂವನ್ನು ಮೊದಲಿದ್ದ ಕಡೆಗೆ ತಿರುಗಿಸಿದರು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಮನೆಗೆ ಬರುವ ದಾರಿಯಲ್ಲಿ ಯಜಮಾನರು ಓಡಿಸುವಾಗ ನಾನು ರಸ್ತೆ ನೋಡಲಿಲ್ಲ, ಅವರ ಬಲಗಾಲನ್ನು ನೋಡುತ್ತ ಕೂತೆ. ಸಿಗ್ನಲ್ಲು ಬಂತು. ಕಾರು ನಿಂತಿತು. ಅವರ ಹೆಬ್ಬೆರಳು ಚಪ್ಪಲಿಯೊಳಗಿಂದಲೇ ಆಕ್ಸಿಲರೇಟರನ್ನು ತುಸುವೇ ಒತ್ತಿಕೊಂಡಿತ್ತು, ಅವರಿಗೇ ಅರಿವಿಲ್ಲದಂತೆ. ಹಳೆಯ ಕಾರುಗಳನ್ನು ಆರದಂತೆ ನೋಡಿಕೊಂಡು ಬಂದವರ ರೂಢಿ ಅದು. ಆಕ್ಸಿಲರೇಟರ್ ಒತ್ತಿದರೆ ಗಾಳಿ ಧಾರಾಳವಾಗಿ ಬರುತ್ತದೆ, ಅಷ್ಟು ಗಾಳಿಯಲ್ಲಿ ಸೀಳಿನ ಗಾಳಿ ಯಾವ ಲೆಕ್ಕ? ಅವರು ಆ ಕಾರನ್ನು ಒಂದು ದಿನವೂ ಅದರ ಪಾಡಿಗೆ ಬಿಟ್ಟಿರಲಿಲ್ಲ. ನಾನು ಡ್ರೈವಿಂಗ್ ಸ್ಕೂಲಿನವರು ಕಲಿಸಿದಂತೆ ಕಾಲು ಪೂರ್ತಿ ತೆಗೆಯುತ್ತಿದ್ದೆ, ಅದಕ್ಕೇ ನನ್ನ ಕೈಯಲ್ಲಿ ಆರುತ್ತಿತ್ತು. ತಪ್ಪಿಲ್ಲದೆ ಓಡಿಸಿದ್ದಕ್ಕೆ ನಾನು ಎರಡು ಸಲ ಫೇಲಾಗಿದ್ದೆ!

"ನಿಮ್ಮ ಬಲಗಾಲು ನೋಡ್ಕೋರಿ" ಎಂದೆ. ನೋಡಿಕೊಂಡರು. ಕಾಲು ತೆಗೆದರು. ಎಂಜಿನ್ ಆರಲಿಲ್ಲ. ಆ ಸಿಗ್ನಲ್ಲು ಬಿಡುವ ತನಕ ಅವರು ಮುಖ ಎತ್ತಲಿಲ್ಲ.

ಮೂರನೇ ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರು ನಿಲ್ಲಿಸಿ ಎಂದಾಗ ನಿಲ್ಲಿಸಿದೆ. ಎಂಜಿನ್ ಎಷ್ಟು ಮೆತ್ತಗೆ ತಿರುಗುತ್ತಿತ್ತೆಂದರೆ ಮತ್ತೆ ಆರಿಹೋಯಿತು ಎಂದೇ ಭಾವಿಸಿ ಕೀಲಿ ತಿರುಗಿಸಿಬಿಟ್ಟೆ. ಕರ್ರೆಂದು ಹಲ್ಲು ಕಡಿದಂಥ ಸದ್ದಾಯಿತು. "ಆನಲ್ಲೇ ಇದೆಯಲ್ಲ ಮೇಡಂ, ಯಾಕೆ ಹೆದರ್ತೀರಾ?" ಎಂದು ಇನ್ಸ್‌ಪೆಕ್ಟರು ನಕ್ಕರು. ಪಾಸು ಮಾಡಿದರು.

ವಾಪಸು ನಾನೇ ಓಡಿಸಿದೆ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ನಿಂತೆ. ನ್ಯೂಟ್ರಲ್ ಹಾಕಿ ಎರಡೂ ಕಾಲು ತೆಗೆದು ಸುಮ್ಮನೆ ಕೂತೆ. ಮುಳ್ಳು ಅಲುಗಲಿಲ್ಲ. ಎಡಗಡೆ ಸೀಟಿನಿಂದ ಯಜಮಾನರು ರಸ್ತೆಯನ್ನೇ ನೋಡುತ್ತ, "ನಿನ್ನ ಕಾಲಿಗೆ ಭಾಳ ಅಂದ್ಬಿಟ್ಟೆ ನಾ" ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಅಂದದ್ದನ್ನು ನಾನೂ ನಂಬಿದ್ದೆನಲ್ಲ, ನನ್ನದೇ ಕಾಲನ್ನು ದೂರಿದ್ದೆನಲ್ಲ, ಅದಕ್ಕೆ ಅಳು ಬಂತು. ಹಸಿರು ದೀಪ ಬಂದದ್ದು ಕಣ್ಣೀರಿನಲ್ಲಿ ಕಾಣಲಿಲ್ಲ. ಹಿಂದೆ ಹಾರನ್ನುಗಳು ಶುರುವಾದವು. ಪಕ್ಕದ ಆಟೋದವನು ತಲೆ ಹೊರಹಾಕಿ, "ಯಾಕಕ್ಕಾ, ಗಾಡಿ ಆಫ್ ಆಗೋಯ್ತಾ? ತಳ್ಳಬೇಕಾ?" ಎಂದ.

"ಇಲ್ಲಣ್ಣ, ಆಫ್ ಆಗಿಲ್ಲ" ಎಂದೆ, ಇಡೀ ಜಾಲಹಳ್ಳಿ ಕ್ರಾಸಿಗೆ ಕೇಳುವ ಹಾಗೆ.