ಮೇಷ್ಟ್ರ ಅದಲುಬದಲು

ಅವರ ಮೀಸೆಯ ಎಡಭಾಗ ಯಾವಾಗಲೂ ಬಲಭಾಗಕ್ಕಿಂತ ಗಿಡ್ಡ. ಮುಂಬಯಿಯ ಮುಲುಂಡ್‌ನ ಮನೆಯಲ್ಲಿ ಸಣ್ಣ ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಳ್ಳುತ್ತಿದ್ದರು. ‘ಮೇಷ್ಟ್ರೇ, ಅರ್ಧ ಮೀಸೆ ಲೋಕಲ್ ಟ್ರೇನಲ್ಲೇ ಬಿಟ್ಟು ಬಂದ್ರಾ?’ ಎಂದು ನಾವು ಕಾಡಿದರೆ, ‘ನಿನ್ನ ಡೈಲಾಗ್ ಎಲ್ಲಿ ಬಿಟ್ಟು ಬಂದೆ, ಅದನ್ನ ಹೇಳು’ ಎನ್ನುತ್ತಿದ್ದರು.

ವಾರವಿಡೀ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಭಾನುವಾರ ನಮ್ಮ ಹವ್ಯಾಸಿ ತಂಡಕ್ಕೆ ನಾಟಕದ ಮೇಷ್ಟ್ರು. ಆಡಿಸುತ್ತಿದ್ದುದೆಲ್ಲ ಹಳೆಯ ದುರಂತ ನಾಟಕಗಳು. ಪ್ರದರ್ಶನಕ್ಕೆ ಮುಂಚೆ ಒಂದು ದಿನ ಎದುರಾಳಿಗಳ ಪಾತ್ರ ಅದಲುಬದಲಾಗಬೇಕು. ಮಗನಿಗೆ ಶಿಕ್ಷೆ ಕೊಡುವ ರಾಜ ಅಂದು ಮಗನಾಗಬೇಕು. ‘ನೀನು ಸರಿ ಅಂತ ಗೊತ್ತಯ್ಯಾ. ಅವನೂ ಸರಿ ಅನ್ನಿಸೋ ತನಕ ಸ್ಟೇಜ್ ಹತ್ತಬೇಡ.’ ತಪ್ಪು ಯಾರದೆಂದು ಮೊದಲ ಸಾಲಿನಲ್ಲೇ ಬರೆಯಲು ಕಲಿತ ವರದಿಗಾರ ನಾನು, ನನಗಿದು ಅರ್ಥವಾಗುತ್ತಿರಲಿಲ್ಲ.

ನಮ್ಮ ರಾಜನ ಪಾತ್ರಧಾರಿ ಧಾರವಾಡದ ಕಡೆಯವನು, ಕುರ್ಲಾದ ಚಾಳಿನಲ್ಲಿದ್ದ. ಮೇಷ್ಟ್ರ ಕೈಕೆಳಗೆ, ಅದೇ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನು ನಡೆಸುತ್ತಿದ್ದ. ಒಮ್ಮೆ ಕೆಲಸ ಬೇಗ ಸಾಗಲೆಂದು ಮಷೀನಿನ ರಕ್ಷಣೆಯ ಜಾಲರಿ ಬಿಚ್ಚಿಟ್ಟ. ಪಕ್ಕದವನ ಬೆರಳುಗಳು ಹೋದವು. ವಿಚಾರಣೆಯಲ್ಲಿ ಮೇಷ್ಟ್ರು ಕಂಡದ್ದನ್ನು ಹೇಳಿದರು. ಅವನನ್ನು ಅವಸರಪಡಿಸಿದ್ದು ತಾವೇ ಎಂಬುದನ್ನೂ ಹೇಳಿದರು. ಕಾರ್ಖಾನೆಯವರು ಮೇಷ್ಟ್ರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇವನ ಕೆಲಸ ಹೋಯಿತು.

ಮುಂದಿನ ನಾಟಕಕ್ಕೆ ಮೇಷ್ಟ್ರೇ ಚಾಳಿಗೆ ಹೋಗಿ ಅವನನ್ನು ಕರೆದರು. ಅವನು ಏಕೆ ಒಪ್ಪಿದನೆಂದು ನನಗೆ ಇಂದಿಗೂ ತಿಳಿಯದು. ಅಣ್ಣನ ವಿರುದ್ಧ ಸಾಕ್ಷಿ ಹೇಳುವ ತಮ್ಮನ ಪಾತ್ರ ಅವನದು. ಗಡೀಪಾರಾಗುವ ಅಣ್ಣ ಮೇಷ್ಟ್ರು. ಆ ಸಲ ಅದಲುಬದಲಿನ ದಿನವಿರಲಿಲ್ಲ. ಪಾತ್ರ ಹಂಚಿದಾಗಲೇ ಅದು ಆಗಿಹೋಗಿತ್ತು.

ಪ್ರದರ್ಶನದಲ್ಲಿ, ಸಾಕ್ಷಿ ಹೇಳುವಾಗ ಅವನ ದನಿ ನಿಂತಿತು. ಮರೆತನೆಂದುಕೊಂಡೆವು. ಆಮೇಲೆ ಒಂದೂ ಅಕ್ಷರ ಬಿಡದೆ ಹೇಳಿದ.

ಬಣ್ಣ ಒರೆಸಿಕೊಳ್ಳುತ್ತ ಅವನೆಂದ: ‘ಮಾಸ್ತರ್ರ, ನೀವ್ ಯಾಕ್ ಹೇಳಿದ್ರಿ ಅಂತ ಈಗ ತಿಳೀತ್ ನೋಡ್ರಿ. ಮಾಫ್ ಮಾತ್ರ ಮಾಡಂಗಿಲ್ಲ.’

‘ಮಾಡಬೇಡ. ನಾಳೆ ಕೇಳಿದ್ರೂ ನಾನು ಅದನ್ನೇ ಹೇಳ್ತೀನಿ’ ಎನ್ನುತ್ತ ಮೇಷ್ಟ್ರು ಅವನ ಪೇಟ ಬಿಚ್ಚಲು ಕೈಚಾಚಿದರು. ಅವನು ತಲೆ ಬಗ್ಗಿಸಿದ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಪತ್ರಿಕೆಗೆ ಶ್ರದ್ಧಾಂಜಲಿ ನಾನೇ ಬರೆದೆ: ನಾಟಕ, ಶಿಸ್ತು, ಸಜ್ಜನಿಕೆ. ಅಚ್ಚಾದ ಬೆಳಗ್ಗೆಯೇ ಆ ಧಾರವಾಡದವನ ಫೋನು ಬಂತು.

‘ಸಾಹೇಬ್ರ, ನನ್ನ ನೌಕರಿ ಕಳದದ್ದು ಎಲ್ಲೈತ್ರೀ ಇದರಾಗ?’

‘ಹೋದವರ ಬಗ್ಗೆ ಅದನ್ನೆಲ್ಲ ಹೇಗಪ್ಪಾ ಬರೀಲಿ?’

‘ಅದೊಂದ್ ಬಿಟ್ರ ಅವ್ರು ನಮ್ಮ ಮಾಸ್ತರ ಅಲ್ರೀ, ಗ್ವಾಡಿ ಮ್ಯಾಲಿನ ಫೋಟೋ.’

ಅವನೇ ಫೋನಿಟ್ಟ. ಸಿಟ್ಟಿಗೋ ದುಃಖಕ್ಕೋ, ಗೊತ್ತಾಗಲಿಲ್ಲ. ಅದಕ್ಕೇ ಈಗ ಮತ್ತೆ ಬರೆಯುತ್ತಿದ್ದೇನೆ. ತಪ್ಪು ಯಾರದೆಂಬ ಮೊದಲ ಸಾಲು ಇನ್ನೂ ಸಿಕ್ಕಿಲ್ಲ, ಮೀಸೆಯಿಂದ ಶುರುಮಾಡಿದೆ.